ಮನೆ ಮೇಲಿನ ಹಲ್ಲು

ಸಾದಲಿಯಿಂದ ಹೊರಟಿದ್ದು

ವಿಯೆಟ್ನಾಂಗೆ ಹೋಗಿ ಬಂದೆ ಅಂದರೆ ನಮ್ಮ ಸಾದಲಿ ಕಡೆ ಜನ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಹಾವು ತಿಂತಾರಂತೆ, ನಿಜವಾ? ಅಲ್ಲಿಯ ರೇಷ್ಮೆಗೂಡು ನಮ್ಮದಕ್ಕಿಂತ ದಪ್ಪವಾ? ಎರಡಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಆ ದೇಶದಲ್ಲಿ ನಾನು ಕಣ್ಣು ಬಿಟ್ಟು ನೋಡಿದ್ದು ಒಂದು ಮನೆಯ ಚಾವಣಿಯನ್ನ, ಆಮೇಲೆ ಒಬ್ಬ ಹಲ್ಲಿನ ಡಾಕ್ಟರಮ್ಮನ ಕೈಯನ್ನ. ಉಳಿದವರು ಫೋನಿನ ತುಂಬ ಫೋಟೋ ತಂದಿದ್ದಾರೆ, ಹಾವಿನ ವಿಚಾರ ಅವರನ್ನೇ ಕೇಳಬೇಕು.

ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರುಗಳು, ನಮ್ಮಂಥ ಹುಳು ಸಾಕುವವರು, ಚಿಂತಾಮಣಿ ಕಡೆಯ ಕೆಲವರು, ಎಲ್ಲ ಸೇರಿ ಒಂದು ಸಣ್ಣ ಬಸ್ಸು ತುಂಬುವಷ್ಟು ಜನ. ನೂಲು ತೆಗೆಯುವ ಹೊಸ ಮಿಷನ್ನು ನೋಡಿಕೊಂಡು ಬರುವುದು ಅಂತ ನೆಪ. ದಂಪತಿ ಸಮೇತ ಬನ್ನಿ ಅಂದಿದ್ದರು. ನನ್ನ ಹೆಂಡತಿ ನಾರಾಯಣಮ್ಮ ಮಾತ್ರ, ಮೊಮ್ಮಗಳು ಬರದಿದ್ದರೆ ನಾನು ವಿಮಾನದ ಮೆಟ್ಟಿಲು ಹತ್ತಲ್ಲ ಅಂತ ಕೂತುಬಿಟ್ಟಳು. ಅವಳು ಕೂತಳು ಅಂದರೆ ಮುಗೀತು, ದೇವರು ಬಂದರೂ ಏಳಿಸೋಕಾಗಲ್ಲ. ಹೀಗಾಗಿ ನಾಲ್ಕನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿದ್ದ ಚೈತ್ರಳಿಗೂ ಪಾಸ್‌ಪೋರ್ಟ್ ಆಯಿತು.

ಮಗ, ಸೊಸೆ ಬರುವ ಹಾಗಿರಲಿಲ್ಲ. ಮನೆಯಲ್ಲಿ ಹುಳು ಮೂರನೇ ಜ್ವರದಿಂದ ಆಗಷ್ಟೇ ಎದ್ದಿದ್ದವು. ಹುಳು ಪೊರೆ ಬಿಡೋದಕ್ಕೆ ನಮ್ಮಲ್ಲಿ ಜ್ವರ ಅಂತೀವಿ. ಅದರಿಂದ ಎದ್ದ ಹುಳುವಿನ ಹಸಿವು ಗೊತ್ತಿದ್ದವರಿಗೇ ಗೊತ್ತು, ಹಿಪ್ಪುನೇರಳೆ ಸೊಪ್ಪು ಹಾಕುವವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರಲ್ಲ. ಸೊಸೆ ಶೋಭಾ ಸರ್ಕಾರಿ ಶಾಲೆಯಲ್ಲಿ ಟೀಚರು. ಟೀಚರುಗಳಿಗೆ ಹೇಳಿದ್ದನ್ನೇ ಮೂರು ಸಲ ಹೇಳುವ ಅಭ್ಯಾಸ. ಕುದಿಸಿದ ನೀರೇ ಕೊಡಿ, ರಸ್ತೆ ದಾಟುವಾಗ ಕೈ ಬಿಡಬೇಡಿ, ಸಿಕ್ಕಿದ್ದೆಲ್ಲ ತಿನ್ನಿಸಬೇಡಿ ಅಂತ ಮೂರು ಸಲ ಹೇಳಿದಳು. ನಾರಾಯಣಮ್ಮನಿಗೆ ಮೂಗಿನ ತುದೀಲಿ ಕೋಪ. ಮೂರು ಮಕ್ಕಳನ್ನ ಸಾಕಿದವಳಿಗೆ ಇವಳು ಪಾಠ ಹೇಳ್ತಾಳೆ ಅಂತ ನನ್ನ ಕಿವಿಯಲ್ಲಿ ಗೊಣಗಿದಳು.

ಹೊರಡುವಾಗ ಶೋಭಾ ಬಾಗಿಲ ಹತ್ತಿರ ಬಂದು, ಮಗಳ ಕೈಯನ್ನು ಅತ್ತೆಯ ಕೈಯೊಳಗಿಟ್ಟಳು.

"ಅತ್ತೆ, ನಿಮ್ಮ ಮೇಲೆ ಬಿಟ್ಟಿದೀನಿ."

ನಾರಾಯಣಮ್ಮನ ಕೋಪ ಅಲ್ಲಿಗೇ ಇಳಿಯಿತು. ಬೆಂಗಳೂರು ವಿಮಾನ ನಿಲ್ದಾಣ ಬರುವವರೆಗೂ ಆ ಕೈಯನ್ನು ಬಿಡಲಿಲ್ಲ, ಮಗು ಬೆವರು ಒರೆಸಿಕೊಳ್ಳೋದಕ್ಕೂ ಇನ್ನೊಂದು ಕೈ ಬಳಸಬೇಕಾಯಿತು.

ಬಾವೊ ಲೋಕ್

ಬಾವೊ ಲೋಕ್ ಅನ್ನುವುದು ಗುಡ್ಡದ ಮೇಲಿನ ಊರು. ಕಾಫಿ, ಟೀ, ನಡುವೆ ಹಿಪ್ಪುನೇರಳೆ ತೋಟ. ಬಸ್ಸಿನ ಬಾಗಿಲು ತೆಗೆದ ತಕ್ಷಣ ಗೂಡು ಬೇಯಿಸುವ ವಾಸನೆ ಮೂಗಿಗೆ ಬಂತು. ಇದೇನು, ಶಿಡ್ಲಘಟ್ಟದಲ್ಲೇ ಒಂದು ಸುತ್ತು ಹಾಕಿಸಿ ಇಳಿಸಿಬಿಟ್ಟರಾ ಅನ್ನಿಸಿತು. ಹೊರಗಿನವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನಮ್ಮ ಗುಂಪಿನವರು ಮಾತ್ರ ಎದೆ ತುಂಬ ಎಳೆದುಕೊಂಡರು.

ನಮ್ಮ ಜೊತೆಗಿದ್ದ ಗೈಡ್ ಹೆಸರು ತುಆನ್, ಐವತ್ತರ ಹತ್ತಿರದ ಸಮಾಧಾನದ ಮನುಷ್ಯ. ಅವನಿಗೆ ಕನ್ನಡ ಬಾರದು, ನಮಗೆ ಅವನ ಭಾಷೆ ಬಾರದು. ಅವನು ತನ್ನ ಫೋನಿಗೆ ಹೇಳುತ್ತಿದ್ದ, ಫೋನು ನಮಗೆ ಕನ್ನಡದಲ್ಲಿ ಹೇಳುತ್ತಿತ್ತು. ಆ ಫೋನಿನ ಕನ್ನಡ ಕೇಳಬೇಕು ನೀವು. "ದಯವಿಟ್ಟು ತಮ್ಮ ಪಾದರಕ್ಷೆಗಳನ್ನು ಇಲ್ಲಿ ಕಳಚಿರಿ" ಅನ್ನೋದು. ನಮ್ಮ ಜನ್ಮದಲ್ಲಿ ನಮ್ಮನ್ನು ಯಾರೂ ಅಷ್ಟು ಮರ್ಯಾದೆಯಿಂದ ಚಪ್ಪಲಿ ಬಿಡಿ ಅಂದಿರಲಿಲ್ಲ.

ನಾರಾಯಣಮ್ಮ ಆ ಫೋನನ್ನು ನಂಬಲಿಲ್ಲ. ಅವಳ ತವರು ಗೌರಿಬಿದನೂರು ತಾಲ್ಲೂಕಿನ ನಗರಗೆರೆ. ಆಂಧ್ರ ಪಕ್ಕದಲ್ಲೇ, ಮನೆಯಲ್ಲಿ ಅರ್ಧ ತೆಲುಗು. ಕನ್ನಡ ಬಾರದವರು ಎದುರಿಗೆ ಬಂದರೆ ತೆಲುಗಲ್ಲಿ ಮಾತಾಡಬೇಕು ಅಂತ ಅವಳ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದೆ. ವಿಯೆಟ್ನಾಮಿನಲ್ಲೂ ಅದೇ ಕಾನೂನು. ನಾವು ಹೋದ ಮನೆಯ ಯಜಮಾನಿ, ನಮ್ಮದೇ ವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು. ಎಲ್ಲರೂ ಆಕೆಯನ್ನು ಬಾ ಅಂತ ಕರೆಯುತ್ತಿದ್ದರು, ಅಲ್ಲಿ ಅಜ್ಜಿಗೆ ಹಾಗನ್ನುತ್ತಾರಂತೆ. ಬಾ ಅಜ್ಜಿಯ ಹತ್ತಿರ ನಾರಾಯಣಮ್ಮ ತೆಲುಗಲ್ಲಿ ಮಾತಾಡಿದಳು, ಆ ಅಜ್ಜಿ ಅವರ ಭಾಷೆಯಲ್ಲಿ ಉತ್ತರ ಕೊಟ್ಟಿತು. ಇಬ್ಬರೂ ಹುಳುಮನೆಯೊಳಗೆ ಹೋಗಿ, ಹುಳು ಕೈಗೆತ್ತಿಕೊಂಡು, ಸೊಪ್ಪಿನ ಎಲೆ ಹರಿದು ನೋಡಿ, ಬಹಳ ಹೊತ್ತು ಮಾತಾಡಿಕೊಂಡು ಹೊರಗೆ ಬಂದರು. ಏನಂತೆ ಅಂದೆ. ಈ ಸಲ ಅವರಿಗೂ ಬಿಸಿಲು ಜಾಸ್ತಿಯಂತೆ, ಸೊಪ್ಪು ಬೇಗ ಬಲಿತು ಹೋಯಿತಂತೆ ಅಂದಳು. ಆಮೇಲೆ ಫೋನಿನಲ್ಲಿ ವಿಚಾರಿಸಿದರೆ ನಿಜವಾಗಿಯೂ ಅಷ್ಟೇ ಆಗಿತ್ತು.

ಒಂದೇ ಒಂದು ಕಡೆ ಅವರಿಬ್ಬರಿಗೂ ಹೊಂದಲಿಲ್ಲ. ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಸತ್ತ ಹುಳುವನ್ನು ನಮ್ಮ ಕಡೆ ರೀಲರುಗಳು ಮಾರಿಬಿಡುತ್ತಾರೆ, ಮೀನಿನ ಮೇವಿಗೆ ಹೋಗುತ್ತದೆ. ಅಲ್ಲಿ ಅದನ್ನು ಈರುಳ್ಳಿ, ನಿಂಬೆ ಎಲೆ ಹಾಕಿ ಹುರಿದು ತಟ್ಟೆಯಲ್ಲಿಟ್ಟರು. ನಾನು ಕೋಳಿ, ಕುರಿ ಎಲ್ಲ ತಿನ್ನುವವನು, ಒಂದು ಬಾಯಿಗೆ ಹಾಕಿಕೊಂಡೆ. ಹುರಿದ ಕಡಲೆಕಾಯಿಯ ರುಚಿ ಇತ್ತು. ನಾರಾಯಣಮ್ಮ ತಟ್ಟೆ ದೂರ ತಳ್ಳಿ, ಮಕ್ಕಳಂಗೆ ಸಾಕಿದ್ದನ್ನ ಹೆಂಗ್ರೀ ತಿಂತಾರೆ ಅಂದಳು. ಆ ಮಕ್ಕಳನ್ನು ಕುದಿಯೋ ನೀರಿಗೆ ಹಾಕೋರಿಗೆ ಮಾರೋರು ನಾವೇ ಅಲ್ಲವೇ ಅಂತ ನಾನು ನೆನಪು ಮಾಡಿದೆ. ಮಧ್ಯಾಹ್ನದವರೆಗೂ ನನ್ನ ಜೊತೆ ಮಾತಿಲ್ಲ.

ಸೈಕಲ್ಲು

ಊಟವಾದ ಮೇಲೆ ಗಂಡಸರೆಲ್ಲ ಮಿಷನ್ನಿನ ಶೆಡ್ಡಿನೊಳಗೆ ಹೋದೆವು. ಚೈತ್ರ ಅಂಗಳದಲ್ಲಿ ಬಾ ಅಜ್ಜಿಯ ಮನೆಯ ಸೈಕಲ್ಲು ಹತ್ತಿದ್ದಳು. ನಮ್ಮ ಮನೆಯ ಸೈಕಲ್ಲಿಗೆ ಬ್ರೇಕು ಹಿಡಿದರೂ ಹಿಡಿಯದ ಹಾಗೆ. ಮಗು ಆ ಅಭ್ಯಾಸದಲ್ಲೇ ಎರಡೂ ಕೈಯಿಂದ ಬಲವಾಗಿ ಅಮುಕಿತು. ಅಲ್ಲಿಯ ಬ್ರೇಕು ನಿಂತಲ್ಲೇ ಹಿಡಿಯಿತು. ಹಿಂದಿನ ಚಕ್ರ ಮೇಲೆದ್ದು, ಬಾಯಿ ಹೋಗಿ ಹ್ಯಾಂಡಲ್ಲಿಗೆ ಬಡಿಯಿತು.

ನಾನು ಹೊರಗೆ ಬರುವ ಹೊತ್ತಿಗೆ ಹೆಂಗಸರಿಬ್ಬರೂ ಸೇರಿ ಅರ್ಧ ಕೆಲಸ ಮುಗಿಸಿದ್ದರು. ಬಾ ಅಜ್ಜಿ ಬಟ್ಟೆಯಲ್ಲಿ ಐಸು ಸುತ್ತಿ ತುಟಿಗೆ ಒತ್ತಿ ಹಿಡಿದಿತ್ತು. ರಕ್ತ ನಿಲ್ಲುತ್ತಾ ಬಂದಿತ್ತು. ಮೇಲಿನ ಮುಂದಿನ ಹಲ್ಲು ಒಂದು, ಬೇರು ಸಮೇತ, ಮುರಿಯದೆ ಪೂರ್ತಿ ಕಿತ್ತುಕೊಂಡು ಬಂದು ನಾರಾಯಣಮ್ಮನ ಅಂಗೈಯಲ್ಲಿತ್ತು. ಅವಳು ಮಗುವಿಗೆ ಧೈರ್ಯ ಹೇಳುತ್ತಿದ್ದಳು. ಏನೂ ಇಲ್ಲ ಕಣಮ್ಮ, ಹಾಲುಹಲ್ಲು, ಹೆಂಗಿದ್ರೂ ಬೀಳೋದೇ, ಹೊಸದು ಬತ್ತದೆ, ಅಳಬೇಡ ನನ್ನಮ್ಮ ಅಂತ. ನನಗೂ ಹೌದನ್ನಿಸಿತು. ಹಲ್ಲು ಬೀಳುವ ವಯಸ್ಸೇ ತಾನೇ, ಹೋದ ತಿಂಗಳು ದವಡೆಯದೊಂದು ಬಿದ್ದಿತ್ತು.

ಹಲ್ಲು ಬಿದ್ದರೆ ನಮ್ಮ ಕಡೆ ಏನು ಮಾಡುತ್ತೇವೆ ಅನ್ನುವುದು ನಿಮಗೆ ಗೊತ್ತಿರಬೇಕು. ಸಗಣಿಯ ಉಂಡೆಯೊಳಗೆ ಹಲ್ಲನ್ನಿಟ್ಟು ಮನೆಯ ಮೇಲಕ್ಕೆ ಎಸೆಯುವುದು. ಹಳೇ ಹಲ್ಲು ತಗೋ, ಹೊಸ ಹಲ್ಲು ಕೊಡು ಅನ್ನುವುದು. ಅಳುವ ಮಗುವಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ, ಎಸೆದ ಮೇಲೆ ನಕ್ಕೇ ನಗುತ್ತದೆ. ನಾರಾಯಣಮ್ಮ ಅದಕ್ಕೆ ಸಿದ್ಧವಾದಳು. ಸಗಣಿ ಇಲ್ಲ. ಬಾ ಅಜ್ಜಿಯ ಮುಂದೆ ನಿಂತು, ತಲೆಯ ಮೇಲೆ ಎರಡು ಬೆರಳು ಕೊಂಬು ಮಾಡಿ, ಅಂಬಾ ಅಂತ ಕೂಗಿ, ಹಿಂದುಗಡೆ ಕೈಯಾಡಿಸಿ ತೋರಿಸಿದಳು. ಆ ಅಜ್ಜಿ ಗಂಭೀರವಾಗಿ ನೋಡಿ, ಒಳಗೆ ಹೋಗಿ, ಕಾಫಿಗೆ ಹಾಕುವ ಸಿಹಿ ಗಟ್ಟಿ ಹಾಲಿನ ಡಬ್ಬಿ ತಂದುಕೊಟ್ಟಿತು. ಚೈತ್ರ ಆ ಅಳುವಿನ ನಡುವೆಯೇ ಕಿಸಕ್ಕನೆ ನಕ್ಕಳು.

ಸಗಣಿಗೆ ಬದಲು ನಾರಾಯಣಮ್ಮ ಪಕ್ಕದ ಗಿಡದಿಂದ ಎಳೆಯ ಹಿಪ್ಪುನೇರಳೆ ಎಲೆ ಕಿತ್ತಳು. ಹಲ್ಲಿನ ಮೇಲೆ ಒಂದಿಷ್ಟು ನೀರು ಹುಯ್ದು, ಎಲೆಯಲ್ಲಿಟ್ಟು ವೀಳ್ಯದ ಹಾಗೆ ಮಡಿಸಿ, ನೂಲಿನ ಬುಟ್ಟಿಯಿಂದ ರೇಷ್ಮೆ ಎಳೆ ತೆಗೆದು ಸುತ್ತಿ ಗಂಟು ಹಾಕಿದಳು. ಅವಳು ಏನು ಮಾಡಿದರೂ ಅಚ್ಚುಕಟ್ಟು. ಎಸೆಯಲು ಕೈ ಎತ್ತಿದಾಗ ಬಾ ಅಜ್ಜಿ ಓಡಿ ಬಂದು ತಡೆಯಿತು. ಬೇಡ ಬೇಡ ಅಂತ ತಲೆಯಾಡಿಸಿ, ಮನೆಯೊಳಗಿನ ಮಂಚದ ಕೆಳಗೆ ಬೆರಳು ತೋರಿಸಿತು. ನಾರಾಯಣಮ್ಮ ಮನೆಯ ಮೇಲಕ್ಕೆ ತೋರಿಸಿದಳು. ಆ ಅಜ್ಜಿ ಮತ್ತೆ ಮಂಚದ ಕೆಳಕ್ಕೆ. ಸ್ವಲ್ಪ ಹೊತ್ತು ಹೀಗೇ ನಡೆಯಿತು. ಕೊನೆಗೆ ನಮ್ಮವಳು ಎಸೆದೇಬಿಟ್ಟಳು. ಕಡಲೆಕಾಯಿ ಹೊಲದಲ್ಲಿ ಕಾಗೆ, ಹಂದಿ ಓಡಿಸಿದ ಕೈ ಅದು. ಪೊಟ್ಟಣ ಚಾವಣಿಯ ಶೀಟಿನ ನೆತ್ತಿ ದಾಟಿ ಆಚೆ ಕಡೆಯ ಇಳಿಜಾರಿಗೆ ಹೋಗಿ ಬಿತ್ತು.

ಶೋಭಾಳ ಪ್ರಶ್ನೆ

ಚೈತ್ರಳಿಗೆ ಬಾಯಿಯ ಕಿಂಡಿಯನ್ನು ಅಮ್ಮನಿಗೆ ತೋರಿಸುವ ಆಸೆ. ಬೇಡ ಅನ್ನುವಷ್ಟರಲ್ಲಿ ನನ್ನ ಫೋನಿನಿಂದ ವಿಡಿಯೋ ಕಾಲ್ ಮಾಡಿಬಿಟ್ಟಳು. ಶೋಭಾ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು, ತಲೆಗೆ ಟವಲು ಕಟ್ಟಿದ್ದಳು. ಮಗಳ ಬಾಯಿ ನೋಡಿದವಳೇ ಸೊಪ್ಪು ಕೆಳಗಿಟ್ಟಳು. ಕಿರುಚಾಡಲಿಲ್ಲ. ತಲೆ ಸುತ್ತುತ್ತಾ, ವಾಂತಿ ಬಂತಾ, ಎಲ್ಲ ಕಾಣಿಸ್ತಿದೆಯಾ ಅಂತ ಮೊದಲು ಮಗಳನ್ನು ಕೇಳಿದಳು. ಇಲ್ಲ, ಚೆನ್ನಾಗಿದೀನಿ ಅಂದಿತು ಮಗು. ಆಮೇಲೆ ನನ್ನನ್ನು ಕರೆದಳು.

"ಮಾವ, ಹಲ್ಲು ಎಲ್ಲಿದೆ?"

"ಮನೆ ಮೇಲಿದೆಯಮ್ಮ."

"ಮನೆ ಮೇಲೆ ಅಂದ್ರೆ?"

ಅಂದ್ರೆ ಏನು ಅನ್ನೋದನ್ನ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ, ಅವಳೂ ಇದೇ ಸೀಮೆಯವಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಹೇಳಿದಳು. ಅದು ಹಾಲುಹಲ್ಲಲ್ಲ. ಅಲ್ಲಿಯ ಹಾಲುಹಲ್ಲು ಬಿದ್ದು ಎರಡು ವರ್ಷವಾಯಿತು, ಅದನ್ನೂ ಅತ್ತೆಯೇ ಎಸೆದಿದ್ದರು. ಈಗ ಹೋಗಿರುವುದು ಸಾಯುವವರೆಗೂ ಇರಬೇಕಾದ ಹಲ್ಲು. ಅದು ಹೋದರೆ ಅಲ್ಲಿ ಮತ್ತೊಂದು ಬರಲ್ಲ.

ನಾರಾಯಣಮ್ಮ ನನ್ನ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಶೋಭಾಳ ಶಾಲೆಗೆ ಹಿಂದಿನ ವರ್ಷ ಹಲ್ಲಿನ ಡಾಕ್ಟರುಗಳು ಕ್ಯಾಂಪಿಗೆ ಬಂದು, ಆಟದಲ್ಲಿ ಮಕ್ಕಳ ಹಲ್ಲು ಬಿದ್ದರೆ ಏನು ಮಾಡಬೇಕು ಅಂತ ಟೀಚರುಗಳಿಗೆಲ್ಲ ಹೇಳಿಕೊಟ್ಟಿದ್ದರಂತೆ. ಅದನ್ನು ನಮಗೆ ಹೇಳಿದಳು, ಈ ಸಲವೂ ಮೂರು ಸಲ. ಹಲ್ಲು ಹುಡುಕಿ. ಬೇರು ಮುಟ್ಟಬೇಡಿ, ಬಿಳೀ ಭಾಗ ಹಿಡಿದುಕೊಳ್ಳಿ. ಕೊಳೆಯಿದ್ದರೆ ಒಂದು ಸಲ ನೀರಾಡಿಸಿ, ಉಜ್ಜಬೇಡಿ. ಸಾಧ್ಯವಾದರೆ ಹಲ್ಲಿದ್ದ ಗುಂಡಿಯಲ್ಲೇ ಮೆಲ್ಲಗೆ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿ. ಒಣಗೋಕೆ ಬಿಡಬೇಡಿ. ತಕ್ಷಣ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಒಂದು ಗಂಟೆಯೊಳಗೆ ಕೂರಿಸಿದರೆ ಹಿಡಿಯುವ ಆಸೆ ಹೆಚ್ಚು.

ನಮ್ಮ ಕಡೆ ಹಲ್ಲಿನ ವಿಷಯಕ್ಕೆ ಅವಸರ ಅನ್ನೋದು ಯಾರಿಗೆ ಗೊತ್ತು ಹೇಳಿ. ನೋವು ಬಂದರೆ ಲವಂಗ ಕಚ್ಚುತ್ತೇವೆ. ಜಾಸ್ತಿಯಾದರೆ ಹೊಗೆಸೊಪ್ಪಿನ ಕಡ್ಡಿಪುಡಿ ಒತ್ತುತ್ತೇವೆ. ಮುಖ ಊದಿಕೊಂಡರೂ ಈ ಬೆಳೆ ಮುಗಿಯಲಿ ಅನ್ನುತ್ತೇವೆ. ನನ್ನ ದವಡೆ ಹಲ್ಲನ್ನು ಚಿಂತಾಮಣಿಯಲ್ಲಿ ಕೀಳಿಸುವ ಹೊತ್ತಿಗೆ ನೋವು ಶುರುವಾಗಿ ಎರಡು ಬೆಳೆ ಗೂಡು ಮಾರ್ಕೆಟ್ಟಿಗೆ ಹೋಗಿತ್ತು. ಹಲ್ಲಿಗೂ ಹಾವು ಕಚ್ಚಿದಂಗೆ ಓಡಬೇಕು ಅಂತ ನಾನು ಕೇಳಿದ್ದು ಅದೇ ಮೊದಲು.

ಚಾವಣಿ

ತುಆನ್ ಫೋನಿಗೆ ನಾನು ವಿಷಯ ಹೇಳಿದೆ, ಫೋನು ಅವರ ಭಾಷೆಯಲ್ಲಿ ಬಾ ಅಜ್ಜಿಗೆ ಹೇಳಿತು. ಆ ಅಜ್ಜಿ ಮಂಚದ ಕಡೆ ಒಮ್ಮೆ, ಚಾವಣಿಯ ಕಡೆ ಒಮ್ಮೆ ನೋಡಿ ಏನೋ ಅಂದಿತು. ಅನುವಾದ ಬೇಕಾಗಲಿಲ್ಲ. ನಾನು ಹೇಳಲಿಲ್ಲವಾ ಅನ್ನೋದು ಎಲ್ಲಾ ಭಾಷೆಯಲ್ಲೂ ಒಂದೇ ಥರ ಕೇಳಿಸುತ್ತದೆ.

ಏಣಿ ಬಂತು. ಆ ಮನೆಯ ಮಗ ಹತ್ತಲು ಹೋದ. ನಾನೇ ಹತ್ತುತ್ತೇನೆ ಅಂದೆ. ಮನೆ ಅವರದಾದರೂ ಹಲ್ಲು ನಮ್ಮದು. ನಾರಾಯಣಮ್ಮ ಎರಡು ಕೈಯಲ್ಲೂ ಏಣಿ ಹಿಡಿದುಕೊಂಡಳು. ಬೇರೆ ದಿನವಾಗಿದ್ದರೆ, ಈ ವಯಸ್ಸಲ್ಲಿ ಮಂಗನಾಟ ಬೇಕಾ ಅಂತ ಊರಿಗೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದಳು. ಅವತ್ತು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಶೀಟು ಕಾದು ಕೆಂಡವಾಗಿತ್ತು. ಅಂಗೈ ಇಟ್ಟರೆ ಚುರ್ ಅನ್ನೋದು. ಟವಲು ಹಾಸಿಕೊಂಡು ಮಂಡಿಯಲ್ಲೇ ನೆತ್ತಿಯವರೆಗೂ ಹೋಗಿ ಆಚೆ ಇಣುಕಿದೆ. ಆ ಕಡೆ ದೊಡ್ಡ ಮರವೊಂದು ಚಾವಣಿಯ ಮೇಲೆ ಬಾಗಿತ್ತು. ಶೀಟಿನ ತುಂಬಾ ಅದರದೇ ಎಲೆ. ಹಸಿಯದು, ಒಣಗಿದ್ದು, ಸುರುಟಿಕೊಂಡಿದ್ದು. ಎಲ್ಲವೂ ಹಲ್ಲಿನ ಪೊಟ್ಟಣದ ಹಾಗೇ ಕಾಣುತ್ತಿದ್ದವು. ನನಗೆ ಅಳುವೇ ಬಂತು. ಆ ಬಿಸಿಲಲ್ಲಿ ಹಲ್ಲು ಎಲ್ಲಿ ಬೇಯುತ್ತಿದೆಯೋ, ಆ ಮಗು ಜೀವಮಾನವೆಲ್ಲ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕೋ ಅಂತ.

ಹಿಪ್ಪುನೇರಳೆ ಎಲೆಯನ್ನು ಮಾತ್ರ ನಾನು ಸಾವಿರ ಎಲೆಯ ನಡುವೆಯೂ ಗುರುತು ಹಿಡಿಯಬಲ್ಲೆ, ನಲವತ್ತು ವರ್ಷ ಅದನ್ನೇ ಕೊಯ್ದಿದ್ದೇನೆ. ಒಂದೊಂದೇ ಎಲೆ ನೋಡುತ್ತಾ ಜಾರಿದೆ. ಮಳೆನೀರು ಹೋಗುವ ತಗಡಿನ ದೋಣಿಯಲ್ಲಿ, ಮರದ ನೆರಳಿನಲ್ಲಿ, ಸಿಕ್ಕಿತು. ರೇಷ್ಮೆ ಎಳೆಯ ಗಂಟು ಬಿಚ್ಚಿರಲಿಲ್ಲ. ಎಲೆ ಇನ್ನೂ ಹಸಿಯಾಗಿಯೇ ಇತ್ತು. ಅಲ್ಲಿಂದಲೇ ಕೂಗಿ ಹೇಳಿದೆ. ಏಣಿ ಇಳಿದಾಗ ನೋಡಿದೆ, ನಾರಾಯಣಮ್ಮ ಏಣಿಯ ಕಾಲಿಗೆ ಹಣೆ ಆನಿಸಿಕೊಂಡು ನಿಂತಿದ್ದಳು.

ಹಾಲು

ಗುಂಡಿಗೆ ಕೂರಿಸಲು ನಮ್ಮಿಬ್ಬರ ಕೈಲೂ ಆಗಲಿಲ್ಲ. ಸರಿ, ಹಾಲು. ಬಾ ಅಜ್ಜಿ ತಟ್ಟನೆ ಒಳಗೆ ಹೋಗಿ ಮತ್ತೆ ಅದೇ ಸಿಹಿ ಹಾಲಿನ ಡಬ್ಬಿ ತಂದಿತು. ನಮ್ಮ ಊರಲ್ಲಿ ಬೆಳಗ್ಗೆ, ಸಾಯಂಕಾಲ ಡೈರಿಗೆ ಕ್ಯಾನುಗಟ್ಟಲೆ ಹಾಲು ಹೋಗುತ್ತದೆ. ಒಂದು ಹಲ್ಲು ಮುಳುಗುವಷ್ಟು ಹಾಲಿಗೆ ಪರದೇಶದಲ್ಲಿ ಪರದಾಡಬೇಕಾಯಿತು. ಫೋನಿನಲ್ಲೇ ಇದ್ದ ಶೋಭಾ, ಡಬ್ಬಿಯದು ಬೇಡ, ಹಾಲು ಸಿಗುವವರೆಗೂ ಚೈತ್ರಳದೇ ಎಂಜಲನ್ನು ಲೋಟಕ್ಕೆ ಉಗಿಸಿ ಅದರಲ್ಲಿಡಿ ಅಂದಳು. ಚೈತ್ರ ನಿಷ್ಠೆಯಿಂದ ಉಗಿದಳು. ಉಗಿಯಬೇಡ ಅಂತ ಬಯ್ಯಿಸಿಕೊಂಡೇ ಬೆಳೆದ ಮಗು, ಎಲ್ಲರೂ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಬೇಡಿಕೊಳ್ಳುವುದನ್ನು ನೋಡಿ ಹಿಗ್ಗಿತು.

ತುಆನ್ ಕಾರು ತರಿಸಿದ. ಬಾ ಅಜ್ಜಿ ಕರೆಯದೆಯೇ ಹತ್ತಿ ಕೂತಿತು. ದಾರಿಯಲ್ಲಿ ಒಂದು ಅಂಗಡಿ. ಹಾಲಿನ ಸಣ್ಣ ಸಣ್ಣ ಡಬ್ಬಗಳು, ಎಲ್ಲದರ ಮೇಲೂ ನಗುವ ಹಸು. ಸಕ್ಕರೆ ಹಾಕಿದ್ದು, ಸ್ಟ್ರಾಬೆರಿ, ಚಾಕ್ಲೇಟು. ಏನೂ ಹಾಕದ ಬರೀ ಹಾಲು ಬೇಕು ಅಂದರೆ ಅಂಗಡಿಯಾಕೆಗೆ ನಮ್ಮ ಮೇಲೆ ಕನಿಕರ. ಮಗು ಸ್ಟ್ರಾಬೆರಿಯದು ಕುಡಿಯಲಿ ಪಾಪ ಅಂತ ಅದನ್ನೇ ಮುಂದೆ ತಳ್ಳುತ್ತಾಳೆ. ಬಾ ಅಜ್ಜಿ ಕಾರಿನಿಂದಿಳಿದು ಬಂದು, ಸಾಲಿನ ಹಿಂದೆ ಕೈ ಹಾಕಿ ಬರೀ ಹಾಲಿನ ಡಬ್ಬ ಹುಡುಕಿ ಎಳೆಯಿತು. ಹಲ್ಲು ಹಾಲಿಗೆ ಬಿತ್ತು.

ಡಾಕ್ಟರಮ್ಮ

ಆಸ್ಪತ್ರೆ ಸಣ್ಣದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರೇ ಇಟ್ಟಿರುವ ಬೇರೆ ಚಪ್ಪಲಿ ಹಾಕಿಕೊಳ್ಳಬೇಕು. ನಮ್ಮ ಚಿಕ್ಕಬಳ್ಳಾಪುರದಲ್ಲೂ ಡಾಕ್ಟರ ಬಾಗಿಲಲ್ಲಿ ಚಪ್ಪಲಿ ಬಿಡಿಸುತ್ತಾರೆ, ಬೇರೆಯದು ಕೊಡುವುದಿಲ್ಲ ಅಷ್ಟೇ. ಕೂತಿದ್ದವರು ನಾಲ್ಕೈದು ಜನ. ಬಾ ಅಜ್ಜಿ ಅವರಿಗೆ ಏನು ಹೇಳಿತೋ, ಎಲ್ಲರೂ ಎದ್ದು ಮಗುವಿಗೆ ದಾರಿ ಬಿಟ್ಟರು. ಒಬ್ಬಾತ ಕೆನ್ನೆ ಊದಿಸಿಕೊಂಡು ಕೂತಿದ್ದ, ಅವನೂ ಕೈಯಲ್ಲೇ ಹೋಗಿ ಹೋಗಿ ಅಂದ. ಆ ಮನುಷ್ಯನನ್ನು ನಾನು ಈಗಲೂ ನೆನೆಯುತ್ತೇನೆ.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಹಲ್ಲನ್ನು ಹಾಲಿನಿಂದ ಎತ್ತಿ ಬೆಳಕಿಗೆ ಹಿಡಿದಳು. ತುಆನ್ ಫೋನು ಕೇಳಿತು: "ದಂತವು ಎಷ್ಟು ಸಮಯ ಬಾಯಿಯ ಹೊರಗಿತ್ತು? ಅದನ್ನು ಯಾವುದರಲ್ಲಿ ಇರಿಸಲಾಗಿತ್ತು?" ನಾರಾಯಣಮ್ಮ ಪೊಲೀಸ್ ಸ್ಟೇಷನ್ನಿನಲ್ಲಿ ನಿಂತವಳ ಹಾಗೆ ಕೈ ಕಟ್ಟಿಕೊಂಡು ಎಲ್ಲವನ್ನೂ ಹೇಳಿದಳು. ಎಲೆ, ನೂಲು, ಚಾವಣಿ, ಒಂದನ್ನೂ ಮುಚ್ಚಿಡಲಿಲ್ಲ. ಸಗಣಿ ಹುಡುಕಿದ್ದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಸಗಣಿ ಅನ್ನುವಲ್ಲಿ ತಲೆ ಎತ್ತಿ ನೋಡಿದಳು. ಸಿಕ್ಕಿತಾ ಅಂದಳು. ಇಲ್ಲ ಅಂದಾಗ ದೊಡ್ಡದಾಗಿ ಉಸಿರು ಬಿಟ್ಟಳು.

ಸೂಜಿ ಹಾಕಿ, ಹಲ್ಲನ್ನು ತೊಳೆದು, ಗುಂಡಿಯಲ್ಲಿ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಸಣ್ಣ ತಂತಿ ಅಂಟಿಸಿದಳು. ನಮ್ಮಲ್ಲಿ ಕಸಿ ಮಾಡಿದ ಮಾವಿನ ಗಿಡಕ್ಕೆ ಕಟ್ಟುತ್ತಾರಲ್ಲ, ಹಾಗೆ. ಚೈತ್ರ ಅಜ್ಜಿಯ ಕೈ ಹಿಡಿದುಕೊಳ್ಳಲು ಕೈ ಚಾಚಿದಳು. ನಾರಾಯಣಮ್ಮ ಹಿಂದೆ ಸರಿದು, ನೀವು ಹಿಡ್ಕಳಿ ಅಂತ ನನ್ನನ್ನು ಮುಂದೆ ತಳ್ಳಿ ಹೊರಗೆ ಹೋಗಿಬಿಟ್ಟಳು.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಸುಳ್ಳು ಸಮಾಧಾನ ಹೇಳಲಿಲ್ಲ. ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಮೆತ್ತಗಿನ ಊಟ ಕೊಡಿ, ಈ ಮಾತ್ರೆ ಕೊಡಿ. ಊರಿಗೆ ಹೋದ ತಕ್ಷಣ ಡಾಕ್ಟರಿಗೆ ತೋರಿಸಿ, ತಂತಿ ಯಾವಾಗ ತೆಗೆಯಬೇಕು, ನರದ ಚಿಕಿತ್ಸೆ ಬೇಕಾ ಅಂತ ಅವರು ನೋಡುತ್ತಾರೆ. ಆಮೇಲೂ ಬಹಳ ದಿನ ನೋಡುತ್ತಿರಬೇಕು ಅಂದಳು. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತಲೂ ಕೇಳಿದಳು. ಆಗಿದೆ ಅಂತ ಶೋಭಾಳೇ ಫೋನಿನಲ್ಲಿ ಹೇಳಿದಳು.

ಮಂಚದ ಕೆಳಗಿನ ವಿಚಾರವನ್ನು ನಾನು ಕೇಳಿದ್ದು ಆಗಲೇ. ಡಾಕ್ಟರಮ್ಮ ನಕ್ಕು ವಿವರಿಸಿದಳು. ಅವರಲ್ಲಿ ಕೆಳಗಿನ ಹಲ್ಲು ಬಿದ್ದರೆ ಮನೆಯ ಮೇಲಕ್ಕೆ ಎಸೆಯುತ್ತಾರೆ, ಮೇಲಿನ ಹಲ್ಲು ಬಿದ್ದರೆ ಮಂಚದ ಕೆಳಗೆ ಹಾಕುತ್ತಾರೆ. ಹೊಸ ಹಲ್ಲು ಹಳೇ ಹಲ್ಲಿದ್ದ ಕಡೆಗೆ ನೇರವಾಗಿ ಬೆಳೆಯಲಿ ಅಂತ. ಅವಳ ಅಜ್ಜಿಯೂ ಹಾಗೇ ಮಾಡಿದ್ದಳಂತೆ.

ಹೊರಗೆ ಬಂದಾಗ ಹೆಂಗಸರಿಬ್ಬರೂ ಬೆಂಚಿನ ಮೇಲೆ ಕೂತಿದ್ದರು. "ನಾ ಚೇತ್ತೋನೇ ಪಾರೇಸ್ನಾನು" ಅಂತ ನಾರಾಯಣಮ್ಮ ಆ ಅಜ್ಜಿಗೆ ತೆಲುಗಲ್ಲಿ ಹೇಳುತ್ತಿದ್ದಳು, ನನ್ನ ಕೈಯಿಂದಲೇ ಎಸೆದುಬಿಟ್ಟೆನಲ್ಲ ಅಂತ. ಹೇಳಿದ್ದನ್ನೇ ಹೇಳುತ್ತಿದ್ದಳು. ಬಾ ಅಜ್ಜಿ ಆ ಕೈಯನ್ನೇ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸುತ್ತಿತ್ತು.

ಸಾದಲಿ, ಮತ್ತೆ

ಉಳಿದ ದಿನ ನಮ್ಮವರು ಸಮುದ್ರ ನೋಡಿದರು, ದೋಣಿ ಹತ್ತಿದರು. ನಾವು ಮೂವರು ಹೋಟೆಲಿನಲ್ಲಿ ಅಕ್ಕಿ ಗಂಜಿ ಕುಡಿದೆವು, ಮಂಚದ ಕೆಳಗಿನ ಹಲ್ಲಿನ ವಿಚಾರವನ್ನು ನಾನು ನಾರಾಯಣಮ್ಮನಿಗೂ ಹೇಳಿದೆ. ಆ ದೇಶದಲ್ಲಿ ಗಂಜಿಯನ್ನು ಬಲು ಚೆನ್ನಾಗಿ ಮಾಡುತ್ತಾರೆ, ಅಷ್ಟು ಹೇಳಬಲ್ಲೆ.

ಊರಿಗೆ ಬಂದಾಗ ಶೋಭಾ ಮಗಳ ಗದ್ದ ಎತ್ತಿ ನೋಡಿ, ಬ್ಯಾಗು ಒಳಗಿಟ್ಟು, ಕಾಫಿ ತಂದುಕೊಟ್ಟಳು. ಬಯ್ದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಮಗ, ಸೊಸೆ ಅವಳನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಹೇಳಿದ ದಿನ ತಂತಿ ಬಿಚ್ಚಿಸಿದರು, ನರದ ಚಿಕಿತ್ಸೆಗೆ ನಾಲ್ಕಾರು ಸಲ ಓಡಾಡಿದರು. ಹಲ್ಲು ನಿಂತಿದೆ. ಡಾಕ್ಟರು ಈಗಲೂ, ನೋಡ್ತಾ ಇರೋಣ ಅನ್ನುತ್ತಾರೆಯೇ ಹೊರತು ಗ್ಯಾರಂಟಿ ಕೊಡುವುದಿಲ್ಲ.

ಹಲ್ಲು ನಿಂತಿತು, ನಾರಾಯಣಮ್ಮನ ಧೈರ್ಯ ನಿಲ್ಲಲಿಲ್ಲ. ಮೊಮ್ಮಗಳಿಲ್ಲದೆ ವಿಮಾನ ಹತ್ತಲ್ಲ ಅಂದವಳು, ಅದೇ ಮೊಮ್ಮಗಳನ್ನು ಅಂಗಡಿಗೂ ಕರೆದುಕೊಂಡು ಹೋಗದ ಹಾಗಾದಳು. ತಲೆ ಬಾಚು ಅಂದರೆ ನಿಮ್ಮಮ್ಮನ್ನ ಕೇಳು. ಮುಳ್ಳು ಚುಚ್ಚಿತು ಅಂದರೆ ನಿಮ್ಮಮ್ಮನಿಗೆ ತೋರ್ಸು. ಶೋಭಾ ಇದನ್ನೆಲ್ಲ ನೋಡುತ್ತಿದ್ದಳು. ಟೀಚರು, ಎಲ್ಲವನ್ನೂ ಗಮನಿಸುತ್ತಾಳೆ, ಆದರೆ ಬಾಯಿ ಬಿಡುವುದು ತಡ. ಮನೆಯಲ್ಲಿ ನಾಲ್ಕು ತಿಂಗಳು ಹೀಗೇ ನಡೆಯಿತು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರಿಗೂ ಹೇ‍ಳಲು ಧೈರ್ಯವಿರಲಿಲ್ಲ.

ಮೊನ್ನೆ ಭಾನುವಾರ ಚೈತ್ರಳ ದವಡೆಯ ಹಲ್ಲೊಂದು ಚಕ್ಕುಲಿ ತಿನ್ನುವಾಗ ಬಿತ್ತು. ನಾರಾಯಣಮ್ಮ ಜಗಲಿಯಲ್ಲಿ ಹುಳುವಿನ ಸೊಪ್ಪು ಬಿಡಿಸುತ್ತಿದ್ದಳು. ಚೈತ್ರ ಹಲ್ಲು ಹಿಡಿದು ಅಜ್ಜಿಯ ಹತ್ತಿರ ಓಡಿ ಬಂದರೆ, ಅವಳು ಎರಡೂ ಕೈ ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ನಂಗೆ ಕೊಡಬೇಡ, ನಿಮ್ಮಮ್ಮನಿಗೆ ಕೊಡು ಅಂದಳು. ಶೋಭಾ ಒಳಗಿನಿಂದ ಬಂದು ಹಲ್ಲು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಮಗಳ ಬಾಯಿಯನ್ನೂ ನೋಡಿದಳು. ಆಮೇಲೆ ಸೊಪ್ಪಿನ ರಾಶಿಯಿಂದ ಒಂದು ಎಳೆ ಎಲೆ ಆರಿಸಿ, ಹಲ್ಲನ್ನು ಅದರ ಮೇಲಿಟ್ಟು, ಅತ್ತೆಯ ಮುಂದೆ ಕೂತಳು.

"ಅತ್ತೆ, ಇದು ಹಾಲುಹಲ್ಲೇ. ನಾನು ನೋಡಿದೀನಿ. ನೀವೇ ಎಸೀರಿ."

ನಾರಾಯಣಮ್ಮ ಬಹಳ ಹೊತ್ತು ಕೈ ಚಾಚಲಿಲ್ಲ. ಶೋಭಾ ಎಲೆ ಹಿಡಿದುಕೊಂಡು ಕಾಯುತ್ತಲೇ ಇದ್ದಳು. ಕೊನೆಗೆ ಸೆರಗಿನಿಂದ ಕೈ ಹೊರಗೆ ಬಂತು. ಎಲೆ ಮಡಿಸಿ, ದಾರದ ಎಳೆ ಸುತ್ತಿ, ಅಂಗಳಕ್ಕಿಳಿದು ಹುಳುಮನೆಯ ಶೀಟಿನ ಕಡೆ ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

"ಮೇಲಿಂದೋ, ಕೆಳಗಿಂದೋ?"

"ಮೇಲಿಂದು ಅಜ್ಜಿ" ಅಂದಳು ಚೈತ್ರ.

ನಾರಾಯಣಮ್ಮ ಕೈ ಇಳಿಸಿದಳು. ಮೊಮ್ಮಗಳ ಕೈ ಹಿಡಿದುಕೊಂಡು ಮನೆಯೊಳಗೆ ಹೋದಳು. ಇಬ್ಬರೂ ನೆಲದ ಮೇಲೆ ಮಂಡಿಯೂರಿ, ನನ್ನ ಮಂಚದ ಕೆಳಗೆ ಕೈ ಹಾಕಿ ಪೊಟ್ಟಣವನ್ನು ಗೋಡೆಯ ಮೂಲೆಗೆ ಸರಿಸಿದರು.